ಚಡಾವಿನ ಮೊದಲ ಇಪ್ಪತ್ತು ಸೆಕೆಂಡು

ಆಗುಂಬೆ ಘಾಟಿಯನ್ನೋ ಚಾರ್ಮಾಡಿಯನ್ನೋ ಸೈಕಲ್‌ನಲ್ಲಿ ಹತ್ತುವುದು ಹೇಗೆಂದು ನನ್ನನ್ನು ಕೇಳುವವರು ಕಡಿಮೆ. ಕೇಳುವುದೆಲ್ಲ ಮನೆ ಹತ್ತಿರದ ಚಡಾವಿನ ಬಗ್ಗೆ. ‘ಸುರತ್ಕಲ್‌ಗೆ ಹೋಗಿ ಬಂದರೂ ದಣಿವಾಗುವುದಿಲ್ಲ, ಆದರೆ ಕೊನೆಗೆ ನಮ್ಮ ಗುಡ್ಡೆಯ ಮುನ್ನೂರು ಮೀಟರ್ ಏರಿನಲ್ಲಿ ಇಳಿದು ತಳ್ಳಬೇಕಾಗುತ್ತದೆ. ತೊಡೆಗೆ ಬಲ ಬರಲು ಏನು ಮಾಡಬೇಕು?’ ಬರೆದವರ ಹೆಸರು, ವಯಸ್ಸು ಬದಲಾಗುತ್ತದೆ, ಪ್ರಶ್ನೆ ಅದೇ. ಇದು ತೊಡೆಯ ಬಲದ ಪ್ರಶ್ನೆ ಎಂದು ಎಲ್ಲರೂ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ನನ್ನ ಲೆಕ್ಕದಲ್ಲಿ ತೊಡೆಯ ಸರದಿ ಬರುವುದು ಗೇರ್, ಉಸಿರು, ತಾಳ್ಮೆ ಎಲ್ಲ ಮುಗಿದ ಮೇಲೆ.

ಮೊದಲು ನಮ್ಮ ಊರಿನ ನೆಲದ ಮಾತು. ಮಂಗಳೂರು ಮುರಕಲ್ಲಿನ ಊರು. ಮೇಲೆ ಸಪಾಟಾದ ಪದವು, ಕೆಳಗೆ ಗದ್ದೆ ತೋಟಗಳ ಬೈಲು, ಎರಡರ ನಡುವೆ ಮೆಲ್ಲಗೆ ಇಳಿಯುವಷ್ಟು ಜಾಗವಿಲ್ಲ. ಬಾವುಟಗುಡ್ಡೆ, ಕದ್ರಿ, ಪದವಿನಂಗಡಿ, ಅತ್ತ ಕೊಣಾಜೆ, ಎಲ್ಲಿಗೆ ಹೋದರೂ ಇದೇ ಕತೆ. ಘಾಟಿ ರಸ್ತೆಗಳನ್ನು ಗಾಡಿಗಳು ಹತ್ತಲೆಂದೇ ತಿರುವು ಹಾಕಿ ಕಟ್ಟಿದ್ದಾರೆ. ಆಗುಂಬೆಗೆ ಹದಿನಾಲ್ಕು ತಿರುವು ಇರುವುದು ಪ್ರವಾಸಿಗರ ಫೋಟೋಕ್ಕಲ್ಲ, ಏರನ್ನು ಉದ್ದಕ್ಕೆ ಹಂಚಿ ಹದಕ್ಕೆ ತರಲು. ನಮ್ಮ ಗುಡ್ಡೆಗಳ ಒಳರಸ್ತೆಗಳು ಹಾಗಲ್ಲ. ಎಷ್ಟೋ ಕಡೆ ಜನ ತಲೆಹೊರೆ ಹೊತ್ತು ನೆಟ್ಟಗೆ ಹತ್ತುತ್ತಿದ್ದ ಕಾಲುದಾರಿಗೇ ಕಾಂಕ್ರೀಟ್ ಬಿದ್ದಿದೆ. ಹಾಗಾಗಿ ಘಾಟಿ ಹತ್ತಿ ಬಂದವನೂ ಮನೆ ಮುಂದಿನ ಚಡಾವಿನಲ್ಲಿ ಏದುಸಿರು ಬಿಟ್ಟರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಸ್ವಲ್ಪ ಲೆಕ್ಕ ಮಾಡೋಣ. ಸವಾರ 70 ಕಿಲೋ, ಗೇರ್ ಸೈಕಲ್ 15 ಕಿಲೋ, ಒಟ್ಟು 85. ಸಪಾಟು ರಸ್ತೆಯಲ್ಲಿ, ಗಾಳಿ ಇಲ್ಲದಾಗ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗಲು ಇವನಿಗೆ ಬೇಕಾಗುವುದು ಸುಮಾರು 90 ವ್ಯಾಟ್. ಶೇಕಡಾ 10ರ ಏರು, ಅಂದರೆ ನೂರು ಮೀಟರ್ ಮುಂದೆ ಹೋದರೆ ಹತ್ತು ಮೀಟರ್ ಮೇಲೇರುವ ರಸ್ತೆಯಲ್ಲಿ, ಗಂಟೆಗೆ ಬರೀ 8 ಕಿಲೋಮೀಟರ್ ವೇಗಕ್ಕೆ 200 ವ್ಯಾಟ್ ಹತ್ತಿರ ಬೇಕು. ಏರು ಶೇಕಡಾ 15 ಆದರೆ 6 ಕಿಲೋಮೀಟರ್ ವೇಗಕ್ಕೇ ಅಷ್ಟು ಸುರಿಯಬೇಕು. ಸುರತ್ಕಲ್ ದಾರಿಯಲ್ಲಿ ದಣಿವಾಗದವರಿಗೆ ಗುಡ್ಡೆಯಲ್ಲಿ ದಣಿವಾಗುವುದು ಇದಕ್ಕೇ: ಕೆಲಸ ಎರಡು ಪಟ್ಟಿಗೂ ಹೆಚ್ಚು. ಸಪಾಟಿನಲ್ಲಿ ಸುಸ್ತಾದರೆ ನಿಧಾನ ಮಾಡಬಹುದು. ಚಡಾವಿನಲ್ಲಿ ಆ ಸ್ವಾತಂತ್ರ್ಯಕ್ಕೆ ಮಿತಿಯಿದೆ. ಐದಾರು ಕಿಲೋಮೀಟರಿಗಿಂತ ಕೆಳಗಿಳಿದರೆ ಮುಂದಿನ ಚಕ್ರ ಆ ಕಡೆ ಈ ಕಡೆ ಹೊರಳಾಡಿ ಕಾಲು ನೆಲಕ್ಕೆ ಬರುತ್ತದೆ.

ಇಲ್ಲಿ ಗೇರ್‌ನ ಮಾತು ಬರುತ್ತದೆ, ಇದನ್ನು ಜನ ಅರ್ಧ ಕಿವಿಯಲ್ಲಿ ಕೇಳಿಸಿಕೊಳ್ಳುತ್ತಾರೆ. ಹಿಂದಿನ ಕಾಲದ ಕಪ್ಪು ಸೈಕಲ್‌ನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗುವಾಗ ಸೈಕಲ್ ಐದು ಮೀಟರ್‌ಗೂ ಹೆಚ್ಚು ಮುಂದೆ ಹೋಗಬೇಕು. ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಹತ್ತುವವನ ಕಾಲು ನಿಮಿಷಕ್ಕೆ ಹತ್ತೊಂಬತ್ತು ಸುತ್ತೂ ಸುತ್ತುವುದಿಲ್ಲ. ಒಂದೊಂದು ಸುತ್ತಿಗೆ ಮೂರು ಸೆಕೆಂಡಿಗಿಂತ ಹೆಚ್ಚು. ಶೇಕಡಾ 15ರ ಏರಿನಲ್ಲಿ ಅದನ್ನು ತಿರುಗಿಸಲು ಪೆಡಲ್ ಮೇಲೆ ನಿಂತು ಇಡೀ ಮೈಭಾರ ಹಾಕಿದರೂ ಸಾಲದು. ಬುಡದಲ್ಲೇ ಇಳಿದು ಹ್ಯಾಂಡಲ್ ಹಿಡಿದು ತಳ್ಳುತ್ತಿದ್ದ ನಮ್ಮ ಹಿರಿಯರು ಬಲವಿಲ್ಲದವರಲ್ಲ, ಸೈಕಲ್‌ನ ಹಲ್ಲಿನ ಲೆಕ್ಕವೇ ಅವರನ್ನು ಇಳಿಸುತ್ತಿತ್ತು. ಈಗಿನ ಸಾಧಾರಣ ಗೇರ್ ಸೈಕಲ್‌ನಲ್ಲಿ ಮುಂದೆ 24, ಹಿಂದೆ 28ರ ಜೋಡಿ ಸಿಗುತ್ತದೆ. ಅದರಲ್ಲಿ ಅದೇ ಆರು ಕಿಲೋಮೀಟರ್ ವೇಗಕ್ಕೆ ಕಾಲು ನಿಮಿಷಕ್ಕೆ ಐವತ್ತಾರು ಸುತ್ತು ಸುತ್ತುತ್ತದೆ, ಪ್ರತಿ ತುಳಿತದ ಭಾರ ಮೂರನೇ ಒಂದಕ್ಕೆ ಇಳಿಯುತ್ತದೆ. ತೊಡೆಗೆ ಬಲ ತರಲು ಆರು ತಿಂಗಳು ಬೇಕು. ಹಿಂದಿನ ಫ್ರೀವೀಲ್ ಬದಲಿಸಲು ಸೈಕಲ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಸಾಕು. ದೊಡ್ಡ ಹಲ್ಲುಚಕ್ರವನ್ನು ನಿಮ್ಮ ಡಿರೇಲರ್ ಎಳೆಯುತ್ತದೆಯೇ ಎಂದು ಮೆಕ್ಯಾನಿಕ್ ಹತ್ತಿರ ಮೊದಲೇ ಕೇಳಿ. ತುಂಬ ಹಗುರದ ಗೇರ್ ಹೆಂಗಸರಿಗೆ, ಮುದುಕರಿಗೆ ಎಂಬ ಒಣ ಜಂಭ ನಮ್ಮ ಹುಡುಗರಲ್ಲಿದೆ. ಅವರೇ ಮಂಡಿ ಹಿಡಿದುಕೊಂಡು ಮೂಳೆ ಡಾಕ್ಟರ ಹತ್ತಿರ ಹೋಗುವುದನ್ನೂ ನೋಡಿದ್ದೇನೆ.

ಗೇರ್ ಸರಿಯಾದ ಮೇಲೂ ಹೆಚ್ಚಿನವರು ಸೋಲುವುದು ಎಲ್ಲಿ? ಕೇಳಿದರೆ ಎಲ್ಲರೂ ತೋರಿಸುವುದು ತುದಿಗಿಂತ ಸ್ವಲ್ಪ ಕೆಳಗಿನ ಜಾಗವನ್ನು, ಇಳಿದ ಜಾಗವನ್ನು. ನಿಜಕ್ಕೂ ಕೆಲಸ ಕೆಟ್ಟಿರುವುದು ಬುಡದಲ್ಲಿ. ಚಡಾವು ಕಂಡ ಕೂಡಲೇ ಓಟ ತೆಗೆದುಕೊಂಡು ನುಗ್ಗುವುದು ನಮ್ಮ ಅಭ್ಯಾಸ. ಮೊದಲ ಇಪ್ಪತ್ತು ಸೆಕೆಂಡು ಕಾಲಿಗೆ ಏನೂ ಅನ್ನಿಸುವುದಿಲ್ಲ, ಉಸಿರೂ ಏರಿರುವುದಿಲ್ಲ, ಇವತ್ತು ಗೆದ್ದೆ ಎಂಬ ಭಾವನೆ ಬರುತ್ತದೆ. ಆ ಭಾವನೆ ಸುಳ್ಳು.

ಸ್ನಾಯುವಿನಲ್ಲಿ ಕೈಗೆ ತಕ್ಷಣ ಸಿಗುವ ಇಂಧನ ಒಂದಿಷ್ಟು ಇರುತ್ತದೆ. ಕ್ರಿಯೇಟಿನ್ ಫಾಸ್ಫೇಟ್ ಎಂದು ಅದರ ಹೆಸರು. ಪೂರ್ತಿ ಜೋರಿನಲ್ಲಿ ತುಳಿದರೆ ಸುಮಾರು ಹತ್ತು ಸೆಕೆಂಡಿನಲ್ಲೇ ಅದರ ದೊಡ್ಡ ಪಾಲು ಖಾಲಿ. ಅದರ ಜೊತೆಜೊತೆಗೇ ಆಮ್ಲಜನಕದ ಸಹಾಯವಿಲ್ಲದೆ ಸಕ್ಕರೆಯನ್ನು ಒಡೆಯುವ ದಾರಿ ತೆರೆದುಕೊಳ್ಳುತ್ತದೆ. ಆಮ್ಲಜನಕ ಬಳಸಿ ದುಡಿಯುವ ದಾರಿ ಮಾತ್ರ ನಿಧಾನದ್ದು, ಪೂರ್ತಿ ವೇಗಕ್ಕೆ ಬರಲು ಒಂದೆರಡು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ನಾವು ಸಾಲದಲ್ಲಿ ಹತ್ತುತ್ತಿರುತ್ತೇವೆ. ‘ಆಮ್ಲಜನಕದ ಸಾಲ’ ಎಂಬ ಹೆಸರನ್ನೇ 1920ರ ದಶಕದಲ್ಲಿ ಬಳಕೆಗೆ ತಂದವರು ಸ್ನಾಯುಗಳ ಅಧ್ಯಯನಕ್ಕೆ 1922ರ ನೊಬೆಲ್ ಪಡೆದ ಬ್ರಿಟಿಷ್ ವಿಜ್ಞಾನಿ ಆರ್ಚಿಬಾಲ್ಡ್ ಹಿಲ್. ಬುಡದಲ್ಲಿ ನುಗ್ಗಿದವನು ದೊಡ್ಡ ಸಾಲ ಮಾಡಿರುತ್ತಾನೆ, ಮುಕ್ಕಾಲು ದಾರಿಯಲ್ಲಿ ವಸೂಲಿಗೆ ಬರುತ್ತದೆ. ಕಾಲು ಕಟ್ಟುತ್ತದೆ, ಕಣ್ಣು ಮಂಜಾಗುತ್ತದೆ, ಅಲ್ಲಿ ಇಳಿಯುತ್ತಾನೆ.

ಈ ಸುಡುವ ನೋವಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣ, ಅದು ಒಂದು ಬಗೆಯ ವಿಷ ಎಂದು ಜಿಮ್‌ಗಳಲ್ಲಿ ಈಗಲೂ ಹೇಳುತ್ತಾರೆ. ಅಮೆರಿಕದ ಜಾರ್ಜ್ ಬ್ರೂಕ್ಸ್ 1980ರ ದಶಕದಿಂದ ತೋರಿಸುತ್ತ ಬಂದಿರುವ ಪ್ರಕಾರ ಲ್ಯಾಕ್ಟೇಟ್ ಸ್ವತಃ ಇಂಧನ. ಒಂದು ಸ್ನಾಯು ಹೊರಹಾಕಿದ್ದನ್ನು ಇನ್ನೊಂದು ಸ್ನಾಯು, ಹೃದಯ ಕೂಡ, ಉರಿಸಿಕೊಳ್ಳುತ್ತದೆ. ಮರುದಿನದ ಮೈನೋವಿಗೂ ಅದಕ್ಕೂ ಸಂಬಂಧವಿಲ್ಲ. ಅದು ಗಂಟೆಯೊಳಗೆ ರಕ್ತದಿಂದ ತೊಲಗಿರುತ್ತದೆ.

ಈಗ ಓದುಗರು ನಂಬದ ಒಂದು ಸಂಗತಿ. ಇದ್ದ ಬಲವನ್ನೆಲ್ಲ ಹಾಕಿ ದುಡಿಯುವಾಗ ಸುಮಾರು ಒಂದೂಕಾಲು ನಿಮಿಷದ ಹೊತ್ತಿಗೆ ಆಮ್ಲಜನಕದಿಂದ ಬಂದ ಶಕ್ತಿ, ಅದಿಲ್ಲದೆ ಬಂದ ಶಕ್ತಿ ಎರಡೂ ಅರ್ಧಕ್ಕರ್ಧ ಆಗಿರುತ್ತವೆ. ಅಲ್ಲಿಂದ ಮುಂದೆ ಉಸಿರಿನ ಪಾಲೇ ದೊಡ್ಡದು. ಮುನ್ನೂರು ಮೀಟರ್ ಚಡಾವನ್ನು ಎಂಟು ಕಿಲೋಮೀಟರ್ ವೇಗದಲ್ಲಿ ಹತ್ತಲು ಎರಡೂಕಾಲು ನಿಮಿಷ ಬೇಕು. ಅಂದರೆ ನಾವು ಬಲದ ಪರೀಕ್ಷೆ ಎಂದುಕೊಂಡಿರುವ ಈ ಗಿಡ್ಡ ಏರು ಬಹುಪಾಲು ಶ್ವಾಸಕೋಶ, ಹೃದಯ, ರಕ್ತನಾಳಗಳ ಪರೀಕ್ಷೆ. ಅದಕ್ಕೆ ತಯಾರಿ ಆಗುವುದು ಚಡಾವಿನಲ್ಲಿ ಅಲ್ಲ, ಹೆದ್ದಾರಿ ಬದಿಯಲ್ಲೋ ಕಡಲ ಪಕ್ಕದ ರಸ್ತೆಯಲ್ಲೋ ಒಂದೆರಡು ಗಂಟೆ ಮಾತಾಡಿಕೊಂಡು ಹೋಗುವ ನಿಧಾನ ಸವಾರಿಯಲ್ಲಿ. ಸ್ನಾಯುವಿನೊಳಗೆ ಸೂಕ್ಷ್ಮ ರಕ್ತನಾಳಗಳು, ಆಮ್ಲಜನಕ ಉರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚುವುದು ಇಂಥ ಸವಾರಿಗಳಿಂದಲೂ. ನಮ್ಮವರು ಮೊದಲು ಬಿಡುವುದು ಇದನ್ನೇ. ಬೆವರು ಸುರಿಯದಿದ್ದರೆ ವ್ಯಾಯಾಮವೇ ಅಲ್ಲ ಎನ್ನುವವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ಗಿಡ್ಡ ಏರಿನ ವಿದ್ಯೆಯನ್ನು ಜಗತ್ತು ಕಲಿಯುವುದು ಬೆಲ್ಜಿಯಂನಲ್ಲಿ. ಅಲ್ಲಿನ ಯೀ ಎಂಬ ಪಟ್ಟಣದಲ್ಲಿ ಮ್ಯೂರ್ ದ ಯೀ, ಅಂದರೆ ಯೀಯ ಗೋಡೆ, ಎಂಬ ಏರು ಇದೆ. ಉದ್ದ 1.3 ಕಿಲೋಮೀಟರ್, ಸರಾಸರಿ ಏರು ಶೇಕಡಾ 9.6. ಒಂದು ತಿರುವಿನ ಒಳಬದಿಯಲ್ಲಿ ಶೇಕಡಾ 20 ದಾಟುತ್ತದೆ. ಫ್ಲೆಷ್ ವಾಲೋನ್ ಎಂಬ ಸ್ಪರ್ಧೆ 1985ರಿಂದ ಇದರ ತುದಿಯಲ್ಲಿ ಮುಗಿಯುತ್ತಿದೆ. ಸ್ಪೇನ್‌ನ ಅಲೆಹಾಂಡ್ರೊ ವಾಲ್ವೆರ್ಡೆ ಇದನ್ನು ಐದು ಸಲ ಗೆದ್ದ. ನೆದರ್‌ಲ್ಯಾಂಡ್ಸ್‌ನ ಆನಾ ಫಾನ್ ಡರ್ ಬ್ರೆಖನ್ ಮಹಿಳೆಯರ ಸ್ಪರ್ಧೆಯನ್ನು 2015ರಿಂದ 2021ರವರೆಗೆ ಸತತ ಏಳು ವರ್ಷ ಗೆದ್ದಳು. ಹಳೆಯ ವಿಡಿಯೊಗಳನ್ನು ಹಾಕಿ ನೋಡಿ. ಬುಡದಲ್ಲಿ ಯಾರೋ ಒಬ್ಬ ಹಾರಿಹೋಗುತ್ತಾನೆ, ಜನ ಕೂಗುತ್ತಾರೆ, ವಾಲ್ವೆರ್ಡೆ ಮಾತ್ರ ಮುಂಚೂಣಿಯ ಗುಂಪಿನಲ್ಲಿ ಏನೂ ನಡೆದೇ ಇಲ್ಲವೆಂಬಂತೆ ತುಳಿಯುತ್ತಿರುತ್ತಾನೆ. ಕೊನೆಯ ಕೆಲವು ನೂರು ಮೀಟರ್ ಬರುವ ತನಕ ಅವನು ಹಣ ಬಿಚ್ಚುವುದಿಲ್ಲ. ಮೊದಲು ಹಾರಿದವನನ್ನು ಅಷ್ಟರಲ್ಲಿ ಕ್ಯಾಮೆರಾ ಕೂಡ ಮರೆತಿರುತ್ತದೆ.

ನಮ್ಮ ಅಭ್ಯಾಸವೂ ಇದೇ ಮಾದರಿಯಲ್ಲಿರಲಿ. ಎರಡರಿಂದ ಮೂರು ನಿಮಿಷದ, ವಾಹನ ಕಡಿಮೆ ಇರುವ ಒಂದು ಚಡಾವನ್ನು ಆರಿಸಿಕೊಳ್ಳಿ. ಕಾಲು ಗಂಟೆ ಸಪಾಟಿನಲ್ಲಿ ತುಳಿದು ಮೈ ಬಿಸಿಯಾದ ಮೇಲೆ ಬುಡಕ್ಕೆ ಬನ್ನಿ. ಬಿಸಿಯಾದ ಮೈಗೆ ಆಮ್ಲಜನಕ ಬೇಗ ಸಿಗುತ್ತದೆ, ಸಾಲ ಚಿಕ್ಕದಾಗುತ್ತದೆ. ಬೇಕಾದ ಗೇರ್‌ಗೆ ಏರು ಶುರುವಾಗುವ ಮೊದಲೇ ಹಾಕಿಕೊಳ್ಳಿ. ಏರಿನ ನಡುವೆ, ಪೂರ್ತಿ ಭಾರ ಬಿದ್ದಿರುವಾಗ ಬದಲಿಸಲು ಹೋದರೆ ಚೈನ್ ಕಟಕಟ ಎಂದು ಜಾರುತ್ತದೆ, ಎಷ್ಟೋ ಸಲ ಕಳಚಿಯೇ ಬರುತ್ತದೆ. ಮೊದಲ ಮೂರನೇ ಒಂದು ಭಾಗವನ್ನು ‘ಇದು ತೀರಾ ನಿಧಾನವಾಯಿತು’ ಅನ್ನಿಸುವಷ್ಟು ಮೆಲ್ಲಗೆ ಹತ್ತಿ. ನಡುವಿನ ಭಾಗದಲ್ಲಿ ಅದೇ ಲಯ ಹಿಡಿದುಕೊಳ್ಳಿ. ತುದಿಗೆ ಬರುವಾಗ ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲು ಆಗಬಾರದು. ನಿಧಾನವಾಗಿ ಇಳಿದು, ಮೂರು ನಾಲ್ಕು ನಿಮಿಷ ಸುಧಾರಿಸಿಕೊಂಡು ಮತ್ತೆ ಹತ್ತಿ. ಮೊದಲ ವಾರ ಮೂರು ಸಲ ಸಾಕು, ತಿಂಗಳೊಪ್ಪತ್ತಿನಲ್ಲಿ ಐದಾರಕ್ಕೆ ಬನ್ನಿ. ಪ್ರತಿ ಸಲದ ಹೊತ್ತು ಗುರುತು ಹಾಕಿಕೊಳ್ಳಿ. ಕೊನೆಯ ಸಲಕ್ಕೆ ಮೊದಲ ಸಲಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿದಿದ್ದರೆ ನೀವು ಮೊದಲನೆಯದರಲ್ಲಿ ನುಗ್ಗಿದ್ದೀರಿ ಎಂದೇ ಅರ್ಥ. ಇದು ವಾರಕ್ಕೊಮ್ಮೆ. ಮರುದಿನ ಬೇಡವೇ ಬೇಡ.

ವಾರದಲ್ಲಿ ಇನ್ನೊಂದು ಕಠಿಣ ದಿನ ಸಿಗುವವರಿಗೆ ಚಡಾವೇ ಬೇಕೆಂದಿಲ್ಲ. ನಾರ್ವೆಯ ಬೆಂಟ್ ರೋನ್ನೆಸ್ಟಾಡ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸೈಕಲಿಗರು 30 ಸೆಕೆಂಡು ಜೋರು, 15 ಸೆಕೆಂಡು ಹಗುರ, ಹೀಗೆ 13 ಸಲ ತುಳಿದರು. ಅಂಥದ್ದು ಮೂರು ಸುತ್ತು. ಹತ್ತು ವಾರದ ಬಳಿಕ ಇವರು ಐದೈದು ನಿಮಿಷದ ಉದ್ದ ಸುತ್ತು ಮಾಡಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ಅವರು ಸ್ಪರ್ಧೆಗಿಳಿಯುವ ಪಟುಗಳು. ನಮಗೆ ಒಂದೇ ಸುತ್ತು, ಅದರಲ್ಲೂ ಎಂಟು ಸಲ ಧಾರಾಳ. ಇದೇ ಜಾತಿಯ ಇನ್ನೊಂದು ಹೆಸರು ತಬಾಟ. ಜಿಮ್‌ನ ಗೋಡೆಗಳ ಮೇಲೆಲ್ಲ ಬರೆದಿರುತ್ತದೆ. ಜಪಾನಿನ ಇಝುಮಿ ತಬಾಟ 1996ರಲ್ಲಿ ಪ್ರಕಟಿಸಿದ ಮೂಲ ಪ್ರಯೋಗ ನಡೆದದ್ದು ಸೈಕಲ್ ಯಂತ್ರದ ಮೇಲೆ: 20 ಸೆಕೆಂಡು ಪ್ರಾಣ ಹೋಗುವಂತೆ ತುಳಿತ, 10 ಸೆಕೆಂಡು ವಿರಾಮ, ಏಳೆಂಟು ಸಲ. ಆರು ವಾರದಲ್ಲಿ ಆಮ್ಲಜನಕ ಬಳಸುವ ಶಕ್ತಿಯೂ ಹೆಚ್ಚಿತು, ಅದಿಲ್ಲದೆ ದುಡಿಯುವ ಶಕ್ತಿ ಶೇಕಡಾ 28ರಷ್ಟು ಹೆಚ್ಚಿತು. ಆದರೆ ಎಂಟನೇ ಸಲದ ಹೊತ್ತಿಗೆ ಅಲ್ಲಿನ ಯುವಕರು ಪೂರ್ತಿ ಬಸವಳಿದಿದ್ದರು. ಹಾಡು ಹಾಕಿಕೊಂಡು ನಗುನಗುತ್ತ ನಾಲ್ಕು ನಿಮಿಷ ಕುಣಿದು ತಬಾಟ ಮಾಡಿದೆವು ಎನ್ನುವವರು ಬೇರೇನೋ ಮಾಡಿರುತ್ತಾರೆ.

ಹಾಗಾದರೆ ತೊಡೆಗೆ ಕೆಲಸವೇ ಇಲ್ಲವೇ? ಇದೆ. ವಾರಕ್ಕೆ ಎರಡು ದಿನ ಭಾರ ಹೊತ್ತು ಸ್ಕ್ವಾಟ್ ಮಾಡುವುದರಿಂದ ಸೈಕಲಿಗರಿಗೆ ಲಾಭವಿದೆ ಎಂಬುದಕ್ಕೂ ಆಧಾರ ಇದೆ. ನೂರು ಬಸ್ಕಿ ಹೊಡೆಯುತ್ತೇನೆ ಎಂದು ಬರೆಯುವ ಹಿರಿಯರ ಮೇಲೆ ಗೌರವವಿದೆ, ಆದರೆ ನೂರು ಸಲ ಮಾಡಲಾಗುವ ಕೆಲಸದಿಂದ ತಾಳಿಕೆ ಬರುತ್ತದೆಯೇ ಹೊರತು ಬಲ ಹೆಚ್ಚು ಬರುವುದಿಲ್ಲ. ಐದಾರು ಸಲಕ್ಕೆ ಸಾಕಪ್ಪಾ ಅನ್ನಿಸುವ ಭಾರ ಬೇಕು. ಅದನ್ನು ಕಲಿಸುವವರ ಕಣ್ಣೆದುರೇ ಎತ್ತಬೇಕು. ಭಾರದ ಗೇರ್ ಹಾಕಿ ಕೂತೇ ತುಳಿದರೆ ಬಲ ಬರುತ್ತದೆ ಎಂಬ ಸಲಹೆಯೂ ಓಡಾಡುತ್ತಿದೆ. ಅದರಿಂದ ಹೆಚ್ಚಿನ ಪ್ರಯೋಜನ ಇದೆ ಎಂದು ನನಗೆ ಅನ್ನಿಸಿಲ್ಲ, ಮಂಡಿನೋವಿದ್ದವರು ಅದರ ತಂಟೆಗೇ ಹೋಗಬಾರದು.

ತೂಕದ ಮಾತು ಎರಡೇ ಸಾಲು. 85 ಕಿಲೋದಲ್ಲಿ ಎರಡು ಕಿಲೋ ಇಳಿದರೆ ಏರಿನ ಕೆಲಸ ಶೇಕಡಾ 2.4 ಕಡಿಮೆ. ಆ ಎರಡು ಕಿಲೋವನ್ನು ಸೈಕಲ್‌ನಿಂದ ಇಳಿಸಲು ಕಾರ್ಬನ್ ಫ್ರೇಮಿಗೆ ಸುರಿಯುವ ದುಡ್ಡು ನೋಡಿದರೆ ಹೊಟ್ಟೆಯಿಂದ ಇಳಿಸುವುದೇ ಅಗ್ಗ.

ಕೂತು ಹತ್ತುವುದೋ ನಿಂತು ಹತ್ತುವುದೋ ಎಂಬ ಪ್ರಶ್ನೆಗೆ ನಮ್ಮ ಊರಿನಲ್ಲಿ ಮಳೆಯನ್ನು ಬಿಟ್ಟು ಉತ್ತರ ಹೇಳಲಾಗದು. ನಿಂತರೆ ಸ್ವಲ್ಪ ಹೊತ್ತು ಹೆಚ್ಚು ಬಲ ಹಾಕಬಹುದು, ಉಸಿರಿನ ಖರ್ಚೂ ಹೆಚ್ಚು. ಹಾಗಾಗಿ ಸಾಧ್ಯವಾದಷ್ಟೂ ಕೂತು ಹತ್ತಿ, ತೀರಾ ಕಡಿದಾದ ಹತ್ತಿಪ್ಪತ್ತು ಮೀಟರ್‌ಗೆ ಎದ್ದು ನಿಂತರೆ ಸಾಕು. ಕೂತಿರುವಾಗ ಸೀಟಿನ ತುದಿಗೆ ಸರಿದು, ಮೊಣಕೈ ಮಡಚಿ, ಎದೆಯನ್ನು ಹ್ಯಾಂಡಲ್ ಕಡೆಗೆ ತಂದರೆ ಮುಂದಿನ ಚಕ್ರ ಮೇಲೇಳುವುದಿಲ್ಲ. ಜೂನ್ ಬಂದ ಮೇಲೆ ಲೆಕ್ಕ ಬೇರೆ. ಮರದ ನೆರಳಿನ ಕಾಂಕ್ರೀಟ್ ಮೇಲೆ ಪಾಚಿ ಕಟ್ಟಿರುತ್ತದೆ. ಅಲ್ಲಿ ಎದ್ದು ನಿಂತರೆ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಅದು ನಿಂತಲ್ಲೇ ಗಿರ್ರನೆ ತಿರುಗುತ್ತದೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಬೆಲ್ಜಿಯಂನಲ್ಲೇ ಕೊಪ್ಪೆನ್‌ಬರ್ಗ್ ಎಂಬ ಕಲ್ಲು ಹಾಸಿದ ಏರು ಇದೆ. ಉದ್ದ 600 ಮೀಟರ್, ಕಡಿದಾದ ಕಡೆ ಶೇಕಡಾ 22. 2024ರ ಫ್ಲ್ಯಾಂಡರ್ಸ್ ಸ್ಪರ್ಧೆಯ ದಿನ ಅದು ಮಳೆಗೆ ನೆನೆದು ಕೆಸರಾಗಿತ್ತು. ಜಗತ್ತಿನ ಅತ್ಯುತ್ತಮ ಸವಾರರಲ್ಲಿ ಹೆಚ್ಚಿನವರು ಅಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆದರು. ಇಳಿಯದೆ ಹತ್ತಿದ ಬೆರಳೆಣಿಕೆಯವರಲ್ಲಿ ಮಾಥ್ಯೂ ಫಾನ್ ಡರ್ ಪೂಲ್ ಒಬ್ಬ. ಸ್ಪರ್ಧೆ ಗೆದ್ದವನೂ ಅವನೇ. ಒದ್ದೆ ಚಡಾವಿನಲ್ಲಿ ಇಳಿದು ತಳ್ಳಿದಿರೆಂದು ಯಾರಾದರೂ ನಕ್ಕರೆ ಆ ವಿಡಿಯೊ ತೋರಿಸಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಶತ್ರು ಸೆಕೆ. ಏರಿನಲ್ಲಿ ವೇಗವಿಲ್ಲದ್ದರಿಂದ ಮೈಗೆ ಗಾಳಿ ತಾಗುವುದಿಲ್ಲ, ತೇವದ ಹವೆಯಲ್ಲಿ ಬೆವರು ಆರುವುದಿಲ್ಲ. ಮೈಯ ಬಿಸಿ ಇಳಿಸಲು ರಕ್ತ ಚರ್ಮದ ಕಡೆಗೂ ಹರಿಯಬೇಕಾಗಿ ಹೃದಯ ಇನ್ನಷ್ಟು ಜೋರಾಗಿ ಬಡಿದುಕೊಳ್ಳುತ್ತದೆ. ಡಿಸೆಂಬರ್ ಬೆಳಗ್ಗೆ ಹತ್ತಿದ ಚಡಾವು ಏಪ್ರಿಲ್‌ನಲ್ಲಿ ಕೈಕೊಟ್ಟರೆ ನಿಮ್ಮ ಅಭ್ಯಾಸ ಹಾಳಾಯಿತೆಂದು ತಿಳಿಯಬೇಡಿ. ಸೆಕೆಯ ತಿಂಗಳುಗಳಲ್ಲಿ ಬೆಳಗ್ಗೆ ಏಳು ಗಂಟೆಯೊಳಗೆ ಅಭ್ಯಾಸ ಮುಗಿಸಿ, ಒಂದೆರಡು ಸಲ ಕಡಿಮೆ ಹತ್ತಿ. ಮನೆಗೆ ಬಂದು ಉಪ್ಪು ಹಾಕಿದ ಗಂಜಿ ತಿಳಿ ಕುಡಿಯಿರಿ. ನೀರು, ಉಪ್ಪು, ಪಿಷ್ಟ ಮೂರೂ ಅದರಲ್ಲಿವೆ. ಬಣ್ಣದ ಪುಡಿಯ ಪೊಟ್ಟಣಕ್ಕೆ ದುಡ್ಡು ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ನಲವತ್ತು ದಾಟಿದವರು, ರಕ್ತದೊತ್ತಡಕ್ಕೋ ಸಕ್ಕರೆಗೋ ಮಾತ್ರೆ ತೆಗೆದುಕೊಳ್ಳುವವರು ಈ ಜೋರಿನ ಅಭ್ಯಾಸ ಶುರುಮಾಡುವ ಮೊದಲು ಡಾಕ್ಟರನ್ನು ಕಾಣಿ. ಹತ್ತುವಾಗ ಎದೆ ಬಿಗಿದರೆ, ಎಡಗೈಗೋ ದವಡೆಗೋ ನೋವು ಹರಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ‘ಗ್ಯಾಸ್ಟ್ರಿಕ್’ ಎಂದು ಮನೆಯಲ್ಲಿ ಮಲಗಬೇಡಿ. ಒಂದೇ ಚಡಾವನ್ನು ಐದಾರು ಸಲ ಹತ್ತುವವರು ಅಷ್ಟೇ ಸಲ ಇಳಿಯುತ್ತಾರೆ, ಬ್ರೇಕ್ ಬೇಗ ಸವೆಯುತ್ತದೆ, ಮಳೆಯಲ್ಲಿ ಇನ್ನೂ ಬೇಗ. ಬ್ರೇಕ್ ರಬ್ಬರಿನ ಮೇಲಿನ ಗೀರುಗಳು ಅಳಿಸಿಹೋಗಿದ್ದರೆ ಮುಂದಿನ ಚಡಾವಿಗೆ ಮೊದಲು, ಈ ವಾರವೇ, ಹೊಸದು ಹಾಕಿಸಿ.